ಗೋಬರ್ ಗ್ಯಾಸ್ ಕಡಿಮೆಯಾಯಿತಾ? ಒಲೆ ಬಿಡಿ, ತೊಟ್ಟಿ ನೋಡಿ

ಐದು ವರ್ಷದ ಹಿಂದೆ, ಆಷಾಢದ ಮಳೆಯಲ್ಲಿ ನಮ್ಮ ಮನೆಯ ಗೋಬರ್ ಗ್ಯಾಸ್ ಸೋತಿತು. ಸಂಜೆ ಹಾಲು ಕಾಯಿಸಲು ಇಟ್ಟಿದ್ದೆ. ಹಾಲು ಬಿಸಿಯಾಗುವ ಮೊದಲೇ ಉರಿ ಸಣ್ಣಗಾಗಿ ಆರಿಹೋಯಿತು. ಮರುದಿನವೂ ಅದೇ ಕಥೆ. "ಸಗಣಿ ಸಾಲುತ್ತಿಲ್ಲ ಕಣೇ" ಅಂದರು ಅತ್ತೆ. "ಮಳೆಗಾಲದ ಥಂಡಿಗೆ ಹೀಗೇ" ಅಂದರು ಮಾವ. ನೋಡಲು ಬಂದ ರಿಪೇರಿಯವರು ಒಲೆ ಹಚ್ಚಿ ನೋಡಿ, "ಡೋಮ್ ಬಿರುಕು ಬಿಟ್ಟಿದೆ, ಪೂರ್ತಿ ಖಾಲಿ ಮಾಡಿಸಿ ಗಾರೆ ಹಾಕಬೇಕು" ಅಂದರು. ಆ ಜಡಿಮಳೆಯಲ್ಲಿ ನಾಲ್ಕು ಸಾವಿರ ಲೀಟರ್ ಸಗಣಿ ನೀರನ್ನು ಎತ್ತಿ ಹೊರಗೆ ಹಾಕುವ ಕೆಲಸ ಅದು.

ಕೊನೆಗೆ ಸಿಕ್ಕ ದೋಷ ಏನು ಗೊತ್ತಾ? ಅಡಿಕೆ ಅಂಗಳದ ಅಂಚಿನಲ್ಲಿ ಪೈಪಿನ ಒಂದು ಜೋಡಣೆ ಸಡಿಲವಾಗಿತ್ತು. ಅರ್ಧ ಅಡಿ ಹೊಸ ಪೈಪ್, ಎರಡು ಕ್ಲಿಪ್, ಅಷ್ಟೇ. ಆದರೆ ಅಲ್ಲಿಗೆ ಮುಟ್ಟಲು ಮೂರು ರಾತ್ರಿ ಬೇಕಾಯಿತು. ಆ ಮೂರು ರಾತ್ರಿಯಲ್ಲಿ ಕಲಿತದ್ದನ್ನು ಆಮೇಲೆ ಸುತ್ತಮುತ್ತಲಿನ ಹತ್ತಾರು ಮನೆಗಳಲ್ಲಿ ಮಾಡಿ ನೋಡಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇದು ಮುಖ್ಯವಾಗಿ ದೀನಬಂಧು ಮಾದರಿಯ ಘಟಕಕ್ಕೆ. ನೆಲದೊಳಗೆ ಇಟ್ಟಿಗೆ ಡೋಮ್ ಇರುವಂಥದ್ದು. ಹಳ್ಳಿಗಳ ಅಭಿವೃದ್ಧಿಗೆ ದುಡಿಯುವ ಆಫ್‌ಪ್ರೊ ಎಂಬ ಸ್ವಯಂಸೇವಾ ಸಂಸ್ಥೆ 1984ರಲ್ಲಿ ರೂಪಿಸಿದ ಮಾದರಿ ಇದು. ಕಬ್ಬಿಣದ ಡ್ರಮ್ ಬೇಡವಾದ್ದರಿಂದ ಖರ್ಚು ತಗ್ಗಿತು, ಹಳ್ಳಿಹಳ್ಳಿಗೂ ಹೋಯಿತು. ಡ್ರಮ್ ಇರುವ ಹಳೆಯ ಘಟಕ ನಿಮ್ಮದಾಗಿದ್ದರೆ ಅದಕ್ಕೂ ಮುಂದೆ ನಾಲ್ಕು ಮಾತು ಇದೆ.

ಮೊದಲು ಜೀವದ ಮಾತು

ಸೋರಿಕೆ ಹುಡುಕಲು ಬೆಂಕಿಕಡ್ಡಿ ಗೀರಬೇಡಿ. ಡೋಮ್ ಹತ್ತಿರ, ವಾಲ್ವ್ ಹತ್ತಿರ, ಪೈಪಿನ ಹತ್ತಿರ, ಎಲ್ಲೂ ಬೇಡ. ಗೋಬರ್ ಗ್ಯಾಸಿನಲ್ಲಿ ಉರಿಯುವ ಭಾಗ ಮೀಥೇನ್. ಅದು ಗಾಳಿಯ ಜೊತೆ ನೂರಕ್ಕೆ 5ರಿಂದ 15ರಷ್ಟು ಬೆರೆತರೆ ಅದು ಉರಿಯುವುದಿಲ್ಲ, ಸಿಡಿಯುತ್ತದೆ. ಸೋಪಿನ ನೀರು ಸಾಕು.

ಎರಡನೆಯದು ಇನ್ನೂ ಮುಖ್ಯ. ಡೋಮ್ ಒಳಗೆ ಯಾರೂ ಇಳಿಯಬಾರದು. ಖಾಲಿ ಮಾಡಿದ ಮೇಲೂ ತಕ್ಷಣ ಇಳಿಯಬಾರದು. ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ. ಅದು ಜಾಸ್ತಿಯಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಒಬ್ಬರು ಬಿದ್ದರೆಂದು ಎತ್ತಲು ಹೋದ ಇನ್ನೊಬ್ಬರೂ ಬೀಳುತ್ತಾರೆ. ತೊಟ್ಟಿಯ ಮೇಲಿನ ಚಪ್ಪಡಿ ತೆಗೆದರೆ ಕೆಲಸ ಮುಗಿದ ಕೂಡಲೇ ಮುಚ್ಚಿ. ಮನೆಯಲ್ಲಿ ಮಕ್ಕಳು, ಕರುಗಳು ಓಡಾಡುತ್ತವೆ.

ತೊಟ್ಟಿಯೇ ಮೀಟರ್

ಒಲೆಯ ಉರಿ ನೋಡಿ ದೋಷ ಹೇಳಲು ಆಗುವುದಿಲ್ಲ. ಸಗಣಿ ಕಡಿಮೆಯಾದರೂ ಉರಿ ಸಣ್ಣ, ಪೈಪ್ ಸೋರಿದರೂ ಸಣ್ಣ, ಡೋಮ್ ಸೀಳಿದರೂ ಸಣ್ಣ, ಬರ್ನರ್ ಕಟ್ಟಿದರೂ ಸಣ್ಣ. ಎಲ್ಲದಕ್ಕೂ ಒಂದೇ ಲಕ್ಷಣ. ಹಾಗಾಗಿಯೇ ಎಲ್ಲರೂ ಸಗಣಿಯ ಮೇಲೆ ತಪ್ಪು ಹೊರಿಸಿ ಸುಮ್ಮನಾಗುತ್ತಾರೆ.

ಆದರೆ ದೀನಬಂಧು ಘಟಕದಲ್ಲಿ ಒಂದು ಅನುಕೂಲವಿದೆ. ಡೋಮ್ ಒಳಗೆ ಗ್ಯಾಸ್ ತುಂಬಿದಂತೆ ಅದು ಸಗಣಿ ನೀರನ್ನು ಕೆಳಗೆ ಒತ್ತುತ್ತದೆ. ಒತ್ತಿದ್ದೆಲ್ಲ ಔಟ್‌ಲೆಟ್ ತೊಟ್ಟಿಗೆ ಏರುತ್ತದೆ. ನೀವು ಒಲೆ ಹಚ್ಚಿ ಗ್ಯಾಸ್ ಖರ್ಚು ಮಾಡಿದರೆ ತೊಟ್ಟಿಯಲ್ಲಿ ಮಟ್ಟ ಇಳಿದು ಅದೇ ಸಗಣಿ ನೀರು, ಅಂದರೆ ಸ್ಲರಿ, ವಾಪಸ್ ಒಳಗೆ ಹೋಗುತ್ತದೆ. ಅಂದರೆ ತೊಟ್ಟಿಯ ಮಟ್ಟವೇ ಗ್ಯಾಸಿನ ಲೆಕ್ಕ. ಚಪ್ಪಡಿ ಸರಿಸಿ, ಮೇಲೆ ಗಟ್ಟಿ ಕೆನೆ ಕಟ್ಟಿದ್ದರೆ ಕೋಲಿನಿಂದ ಒಡೆದು, ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆಯಿರಿ. ನಿಮ್ಮ ಮೀಟರ್ ತಯಾರು.

ಸರಿಯಾಗಿರುವ ಘಟಕ ಹೇಗೆ ವರ್ತಿಸುತ್ತದೆ ಅನ್ನುವುದು ಮೊದಲು ಗೊತ್ತಿರಬೇಕು. ನಮ್ಮದು 2 ಘನ ಮೀಟರ್ ಘಟಕ. ದಿನಕ್ಕೆ 2 ಘನ ಮೀಟರ್, ಅಂದರೆ 2,000 ಲೀಟರ್ ಗ್ಯಾಸ್ ಹುಟ್ಟಬೇಕು. ಆದರೆ ಡೋಮ್‌ನಲ್ಲಿ ಕೂಡಿಡಲು ಜಾಗ ಇರುವುದು ಒಂದು ದಿನದ ಗ್ಯಾಸಿನ ಮೂರನೇ ಒಂದು ಪಾಲಿಗೆ ಮಾತ್ರ, ಸುಮಾರು 660 ಲೀಟರ್. ಗಂಟೆಗೆ ಎಂಬತ್ತು ಚಿಲ್ಲರೆ ಲೀಟರ್ ಹುಟ್ಟಿದರೆ ಎಂಟು ಗಂಟೆಯಲ್ಲಿ ಡೋಮ್ ತುಂಬಿತು. ಆಮೇಲೆ ಸ್ಲರಿ ತೊಟ್ಟಿಯ ಬಾಯಿಂದ ಹೊರಗೆ ಹರಿಯುತ್ತದೆ, ಹೆಚ್ಚಾದ ಗ್ಯಾಸ್ ಗುಳ್ಳೆಗಳಾಗಿ ಗಾಳಿಗೆ ಹೋಗುತ್ತದೆ.

ಇದನ್ನು ತಿಳಿಯದೆ ಎಷ್ಟೋ ಮನೆಯಲ್ಲಿ ಇಲ್ಲದ ದೋಷಕ್ಕೆ ರಿಪೇರಿ ಮಾಡಿಸುತ್ತಾರೆ. ಮೂರು ದಿನ ನೆಂಟರ ಮನೆಗೆ ಹೋಗಿ ಬಂದರೆ ಮೂರು ದಿನದ ಗ್ಯಾಸ್ ಕೂಡಿರುವುದಿಲ್ಲ. ಎಂಟು ಗಂಟೆಯದ್ದು ಮಾತ್ರ ಇರುತ್ತದೆ. ಗಂಟೆಗೆ 450 ಲೀಟರ್ ಉರಿಸುವ ಒಂದು ಬರ್ನರ್ ಆ ಸಂಗ್ರಹವನ್ನು ಒಂದೂವರೆ ಗಂಟೆಯಲ್ಲಿ ಮುಗಿಸುತ್ತದೆ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಸ್ನಾನದ ನೀರು ಎಲ್ಲವನ್ನೂ ಬೆಳಿಗ್ಗೆ ಒಂದೇ ಸಲ ಮಾಡಿಕೊಳ್ಳಲು ಹೋದರೆ ಗ್ಯಾಸ್ ಸಾಲುವುದಿಲ್ಲ. ಅಡುಗೆಯನ್ನು ಎರಡು ಮೂರು ಹೊತ್ತಿಗೆ ಹಂಚಿ ನೋಡಿ. ಅಷ್ಟಕ್ಕೇ ಸರಿಹೋದರೆ ದೋಷವೇ ಇರಲಿಲ್ಲ.

ಮೂರು ರಾತ್ರಿಯ ಪರೀಕ್ಷೆ

ಸಂಜೆಯ ಅಡುಗೆ ಮುಗಿದ ಮೇಲೆ ಶುರು ಮಾಡಿ. ಆಗ ತೊಟ್ಟಿಯ ಮಟ್ಟ ಕೆಳಗಿರುತ್ತದೆ. ಈ ಮೂರು ದಿನ ಸಗಣಿ ಹಾಕುವುದನ್ನು ಬೆಳಿಗ್ಗೆ ಮಟ್ಟ ನೋಡಿದ ಮೇಲೆ, ಪ್ರತಿದಿನ ಅಷ್ಟೇ ಪ್ರಮಾಣದಲ್ಲಿ ಮಾಡಿ. ರಾತ್ರಿ ಹಾಕಿದರೆ ಹೊಸ ಸ್ಲರಿಯಿಂದಲೇ ಮಟ್ಟ ಏರಿ ಲೆಕ್ಕ ಕೆಡುತ್ತದೆ. ಮಳೆನೀರು ತೊಟ್ಟಿಗೆ ಇಳಿಯದಂತೆ ಚಪ್ಪಡಿಯ ಸಂದುಗಳ ಮೇಲೆ ತಾಡಪಾಲು ಹೊದಿಸಿ.

ಮೊದಲ ರಾತ್ರಿ ಡೋಮ್ ತಲೆಯ ಮೇಲಿರುವ ಮುಖ್ಯ ವಾಲ್ವ್ ಪೂರ್ತಿ ಮುಚ್ಚಿ. ಮಟ್ಟಕ್ಕೆ ಗೆರೆ ಎಳೆಯಿರಿ. ಬೆಳಿಗ್ಗೆ ಮತ್ತೆ ಗೆರೆ ಎಳೆಯಿರಿ.

ಎರಡನೆಯ ರಾತ್ರಿ ಮುಖ್ಯ ವಾಲ್ವ್ ತೆರೆದಿಡಿ. ಒಲೆಯ ನಾಬ್‌ಗಳನ್ನು ಮಾತ್ರ ಮುಚ್ಚಿ. ಈಗ ಪೈಪ್ ತುಂಬ ಗ್ಯಾಸ್ ನಿಂತಿರುತ್ತದೆ. ಬೆಳಿಗ್ಗೆ ಗೆರೆ ಎಳೆಯಿರಿ.

ಎರಡು ರಾತ್ರಿಯ ಏರಿಕೆ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಪೈಪ್ ಸರಿಯಿದೆ. ಮೊದಲ ರಾತ್ರಿ ಚೆನ್ನಾಗಿ ಏರಿ, ಎರಡನೆಯ ರಾತ್ರಿ ಏರದಿದ್ದರೆ ಸೋರುತ್ತಿರುವುದು ಪೈಪ್. ನಮ್ಮ ಮನೆಯಲ್ಲಿ ಆದದ್ದು ಇದೇ. ಮೊದಲ ಬೆಳಿಗ್ಗೆ ಸ್ಲರಿ ಬಾಯಿಯವರೆಗೆ ಬಂದಿತ್ತು. ಎರಡನೆಯ ಬೆಳಿಗ್ಗೆ ಒಂದು ಗೇಣು ಕೆಳಗಿತ್ತು. ಮಾವ ಬ್ಯಾಟರಿ ಹಿಡಿದು ಎರಡೂ ಗೆರೆ ನೋಡಿದವರು, "ಹಾಗಾದರೆ ಡೋಮ್‌ಗೆ ಏನೂ ಆಗಿಲ್ಲ" ಅಂದರು. ಅನುಮಾನ ಉಳಿಯಬಾರದೆಂದು ಇನ್ನೊಂದು ರಾತ್ರಿ ವಾಲ್ವ್ ಮುಚ್ಚಿ ನೋಡಿದೆವು. ಮತ್ತೆ ಬಾಯಿಯವರೆಗೆ ಏರಿತು.

ಎರಡೂ ರಾತ್ರಿ ಏರಿಕೆ ಕಡಿಮೆಯಾಗಿದ್ದರೆ? ಆಗ ಉಳಿದದ್ದು ಎರಡೇ ಸಾಧ್ಯತೆ. ಗ್ಯಾಸ್ ಹುಟ್ಟುತ್ತಿಲ್ಲ, ಇಲ್ಲವೇ ಹುಟ್ಟಿದ್ದು ಡೋಮ್‌ನಲ್ಲಿ ನಿಲ್ಲುತ್ತಿಲ್ಲ. ಇದಕ್ಕೆ ಮೂರನೆಯ ರಾತ್ರಿ ವಾಲ್ವ್ ಮುಚ್ಚಿ, ಎರಡೆರಡು ಗಂಟೆಗೆ ಒಂದು ಗೆರೆ ಎಳೆಯಬೇಕು. ನಿದ್ದೆಗೆಡುವುದು ಕಷ್ಟ ಅನ್ನಿಸಿದರೆ ಒಂದು ದಿನ ಒಲೆ ಹಚ್ಚದೆ ಹಗಲಲ್ಲೇ ಮಾಡಿ. ಗೆರೆಗಳ ನಡುವಿನ ಅಂತರ ನಿಧಾನವಾದರೂ ಸಮವಾಗಿದ್ದರೆ ಹುಟ್ಟುವುದೇ ಕಡಿಮೆ. ಮೊದಲು ಬೇಗ ಏರಿ, ಆಮೇಲೆ ಅಂತರ ಕುಗ್ಗುತ್ತಾ ಬಂದು, ಬಾಯಿಗಿಂತ ಎಷ್ಟೋ ಕೆಳಗೆ ನಿಂತುಬಿಟ್ಟರೆ ಡೋಮ್ ಮೇಲೆ ಅನುಮಾನ ಪಡಿ. ಒತ್ತಡ ಏರಿದಂತೆ ಸೋರಿಕೆ ಹೆಚ್ಚುತ್ತದೆ. ಹುಟ್ಟುವುದೂ ಸೋರುವುದೂ ಸಮವಾದ ಜಾಗದಲ್ಲಿ ಮಟ್ಟ ನಿಲ್ಲುತ್ತದೆ.

ಮಟ್ಟ ಸ್ವಲ್ಪವೂ ಏರದಿದ್ದರೆ ಇನ್ನೊಂದು ಉಪಾಯ ಮಾಡಿ. ಒಂದು ನೀರಿನ ಬಾಟಲಿಗೆ ಅರ್ಧದಷ್ಟು ನಿಮ್ಮ ಘಟಕದ ಸ್ಲರಿ ತುಂಬಿ, ಬಾಯಿಗೆ ಬಲೂನ್ ಸಿಕ್ಕಿಸಿ. ಇನ್ನೊಂದು ಬಾಟಲಿಗೆ ಚೆನ್ನಾಗಿ ನಡೆಯುತ್ತಿರುವ ಪಕ್ಕದ ಮನೆಯ ಸ್ಲರಿ ತಂದು ತುಂಬಿ, ಅದಕ್ಕೂ ಬಲೂನ್ ಸಿಕ್ಕಿಸಿ. ಎರಡನ್ನೂ ಬಚ್ಚಲ ಒಲೆಯ ಹತ್ತಿರ ಬೆಚ್ಚಗಿನ ಜಾಗದಲ್ಲಿಡಿ. ಬೆಂಕಿ ತಾಗುವಷ್ಟು ಹತ್ತಿರ ಬೇಡ. ಕೆಲವು ದಿನದಲ್ಲಿ ಎರಡೂ ಬಲೂನ್ ಉಬ್ಬಿದರೆ ನಿಮ್ಮ ಸ್ಲರಿಯಲ್ಲಿ ಜೀವ ಇದೆ. ದೋಷ ಸೋರಿಕೆಯದ್ದು. ಪಕ್ಕದ ಮನೆಯದು ಉಬ್ಬಿ ನಿಮ್ಮದು ಹಾಗೇ ಇದ್ದರೆ ಒಳಗಿನ ಸೂಕ್ಷ್ಮಜೀವಿಗಳಿಗೆ ಏನೋ ಆಗಿದೆ.

ಪೈಪಿನ ದೋಷಗಳು

ಸೋಪಿನ ನೀರನ್ನು ಬ್ರಷ್‌ನಿಂದ ಪ್ರತಿ ಜೋಡಣೆಗೂ ಹಚ್ಚುತ್ತಾ ಬನ್ನಿ. ಡೋಮ್ ತುಂಬಿರುವ ಬೆಳಗಿನ ಹೊತ್ತು ಒಳ್ಳೆಯದು. ಗುಳ್ಳೆ ಎದ್ದ ಕಡೆ ಸೋರಿಕೆ. ಮುಖ್ಯ ವಾಲ್ವ್‌ನ ಕುತ್ತಿಗೆ, ಒಲೆಯ ಹಿಂದಿನ ರಬ್ಬರ್ ಪೈಪ್, ಗೋಡೆ ತೂರಿ ಬರುವ ಜಾಗ, ಇವುಗಳನ್ನು ಮೊದಲು ನೋಡಿ. ನೆಲದೊಳಗೆ ಹೋದ ಪೈಪನ್ನು ಹೆಗ್ಗಣ ಕಡಿದಿರಬಹುದು, ಗುದ್ದಲಿ ತಾಗಿರಬಹುದು.

ಸೋರಿಕೆ ಇಲ್ಲದೆಯೂ ಪೈಪ್ ಕೈಕೊಡುತ್ತದೆ. ಕಾರಣ ನೀರು. ಡೋಮ್‌ನಿಂದ ಬರುವ ಗ್ಯಾಸಿನಲ್ಲಿ ನೀರಿನ ಆವಿ ತುಂಬಿರುತ್ತದೆ. ಹೊರಗಿನ ಥಂಡಿಗೆ ಅದು ಪೈಪಿನಲ್ಲೇ ನೀರಾಗುತ್ತದೆ. ಪೈಪ್ ಎಲ್ಲಿ ಜೋತುಬಿದ್ದಿದೆಯೋ ಅಲ್ಲಿ ಆ ನೀರು ನಿಂತು ದಾರಿ ಕಟ್ಟುತ್ತದೆ. ಲಕ್ಷಣ ಬಹಳ ಸ್ಪಷ್ಟ: ಉರಿ ಒಂದೇ ಸಮ ಇರುವುದಿಲ್ಲ, ಕುಣಿಯುತ್ತದೆ. ಏರುತ್ತದೆ, ಇಳಿಯುತ್ತದೆ, ಪೈಪಿನಲ್ಲಿ ಗುಳುಗುಳು ಸದ್ದು ಬರುತ್ತದೆ. ಪೈಪಿನ ಅತಿ ತಗ್ಗಿನ ಜಾಗದಲ್ಲಿ ನೀರು ಬಿಡುವ ಒಂದು ಟ್ಯಾಪ್ ಇರಲೇಬೇಕು. ಉಳಿದ ಪೈಪೆಲ್ಲ ಆ ಟ್ಯಾಪಿನ ಕಡೆಗೆ ಇಳಿಜಾರಾಗಿರಬೇಕು. ಅಡುಗೆಮನೆಯ ಬೆಂಕಿಯೆಲ್ಲ ಆರಿಸಿ, ಟ್ಯಾಪ್ ತೆರೆದು, ನೀರು ಮುಗಿದು ಗ್ಯಾಸ್ ಬರುತ್ತಿದ್ದಂತೆ ಮುಚ್ಚಿ. ಮಲೆನಾಡಿನ ಮಳೆಗಾಲದಲ್ಲಿ ಇದನ್ನು ವಾರಕ್ಕೊಮ್ಮೆ ಮಾಡಿದರೂ ಜಾಸ್ತಿಯಲ್ಲ.

ದಾರಿ ಕಟ್ಟಿದೆಯೋ ಇಲ್ಲವೋ ಅನುಮಾನವಿದ್ದರೆ ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪ್ ಒಂದು ತುಂಡು ತನ್ನಿ. ಇಂಗ್ಲಿಷಿನ ಯು ಅಕ್ಷರದಂತೆ ಬಗ್ಗಿಸಿ ಹಲಗೆಗೆ ಕಟ್ಟಿ, ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಒಲೆಯ ಹತ್ತಿರ ಟಿ ಹಾಕಿ ಜೋಡಿಸಿ. ಎರಡು ಕಾಲಿನ ನೀರಿನ ಮಟ್ಟದ ವ್ಯತ್ಯಾಸವೇ ಒತ್ತಡ. ಡೋಮ್ ತುಂಬಿದ್ದಾಗ ಒತ್ತಡ ಜೋರಿರುತ್ತದೆ, ಹಾಗಾಗಿ ಪೈಪ್ ಉದ್ದವೇ ಇರಲಿ, ಇಲ್ಲದಿದ್ದರೆ ನೀರು ಚಿಮ್ಮುತ್ತದೆ. ಒಲೆ ಆರಿಸಿದಾಗ ಒತ್ತಡ ಚೆನ್ನಾಗಿದ್ದು, ಹಚ್ಚಿದ ತಕ್ಷಣ ಕುಸಿದುಬಿದ್ದರೆ ನಡುವೆ ಎಲ್ಲೋ ದಾರಿ ಕಟ್ಟಿದೆ, ಇಲ್ಲವೇ ದೂರಕ್ಕೆ ತಕ್ಕಷ್ಟು ದಪ್ಪದ ಪೈಪ್ ಹಾಕಿಲ್ಲ. ಹಚ್ಚಿದ ಮೇಲೂ ಹತ್ತು ಸೆಂಟಿಮೀಟರ್ ನಿಂತಿದ್ದು ಉರಿ ಮಾತ್ರ ಸಣ್ಣಗಿದ್ದರೆ ದೋಷ ಒಲೆಯದ್ದು.

ಒಲೆಯ ವಿಷಯ ಬೇಗ ಮುಗಿಯುತ್ತದೆ. ಸಿಲಿಂಡರ್ ಗ್ಯಾಸಿನ ಒಲೆಯನ್ನು ಹಾಗೇ ಜೋಡಿಸಿದರೆ ಉರಿ ಬರುವುದಿಲ್ಲ. ಅದರ ಜೆಟ್ಟಿನ ತೂತು ಬಹಳ ಸಣ್ಣದು. ಗೋಬರ್ ಗ್ಯಾಸಿಗೆ ಅದಕ್ಕೇ ಮಾಡಿದ ಒಲೆ ಬೇಕು. ಹಾಲು ಉಕ್ಕಿ ಬರ್ನರ್ ತೂತು ಕಟ್ಟಿದ್ದರೆ ಕಳಚಿ ತೊಳೆದು ಪಿನ್ನಿನಿಂದ ಬಿಡಿಸಿ. ಉರಿ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿದರೆ ಗಾಳಿ ಸಾಲುತ್ತಿಲ್ಲ, ಗಾಳಿಯ ಕಿಂಡಿ ಹಿಗ್ಗಿಸಿ. ಉರಿ ಬರ್ನರ್ ಬಿಟ್ಟು ಮೇಲೆ ಹಾರಿ ಆರಿಹೋದರೆ ಗಾಳಿ ಅಥವಾ ಒತ್ತಡ ಜಾಸ್ತಿ, ಕಿಂಡಿ ಕುಗ್ಗಿಸಿ, ವಾಲ್ವ್ ಸ್ವಲ್ಪ ಮುಚ್ಚಿ. ಸರಿಯಾದ ಉರಿ ನೀಲಿ. ಹಗಲಲ್ಲಿ ಅದು ಕಣ್ಣಿಗೆ ಕಾಣುವುದೇ ಕಷ್ಟ, ಕೈಗೆ ಎಚ್ಚರ.

ಗ್ಯಾಸೇ ಹುಟ್ಟುತ್ತಿಲ್ಲ ಅಂದರೆ

ಮೊದಲು ಸಗಣಿ ತೂಗಿ. ಅಂದಾಜು ಬೇಡ, ಬುಟ್ಟಿ ಸಮೇತ ತೂಕಕ್ಕಿಡಿ. ಒಂದು ಕೆಜಿ ಹಸಿ ಸಗಣಿಗೆ ಸುಮಾರು 40 ಲೀಟರ್ ಗ್ಯಾಸ್. 1 ಘನ ಮೀಟರ್‌ಗೆ 25 ಕೆಜಿ, ನಮ್ಮ 2 ಘನ ಮೀಟರ್ ಘಟಕಕ್ಕೆ 50 ಕೆಜಿ ದಿನವೂ ಬೇಕು. ಕೊಟ್ಟಿಗೆಯಲ್ಲೇ ಇರುವ ಒಂದು ದೊಡ್ಡ ಆಕಳಿಂದ ದಿನಕ್ಕೆ ಹತ್ತು ಕೆಜಿ ಅಂತ ಹಿಡಿಯಬಹುದು. ಹಗಲೆಲ್ಲ ಮೇಯಲು ಹೋಗುವ ದನದ್ದು ಅರ್ಧ ಬೆಟ್ಟದಲ್ಲೇ ಉಳಿಯುತ್ತದೆ. ಎಷ್ಟೋ ಮನೆಯಲ್ಲಿ ಘಟಕ ಕಟ್ಟಿಸಿದಾಗ ಐದಾರು ದನ ಇದ್ದವು, ಈಗ ಎರಡು. ಘಟಕ ಹಾಳಾಗಿಲ್ಲ, ಅದಕ್ಕೆ ಹೊಟ್ಟೆಗಿಲ್ಲ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಉದಾಹರಣೆ ಇದೆ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನದ ಮೇಲೆ ಕೆಲಸ ಮಾಡುತ್ತಿದ್ದ ಅಸ್ತ್ರ ತಂಡದವರು ಇಡೀ ಊರಿಗೆ ಒಂದು ಗೋಬರ್ ಗ್ಯಾಸ್ ಘಟಕ ಕಟ್ಟಿದರು. ಅಲ್ಲಿನ ವಿಜ್ಞಾನಿ ಅಮೂಲ್ಯ ರೆಡ್ಡಿಯವರು ಮುಂದೆ ನಿಂತು ನಡೆಸಿದ ಕೆಲಸ ಅದು. ಮೊದಲ ಯೋಚನೆ ಎಲ್ಲ ಮನೆಗೂ ಅಡುಗೆ ಗ್ಯಾಸ್ ಕೊಡುವುದಾಗಿತ್ತು. ಊರಿನ ಸಗಣಿ ಅದಕ್ಕೆ ಸಾಲಲಿಲ್ಲ. ಆಗ ಅವರು ಕೈಬಿಡಲಿಲ್ಲ, ಊರಿನವರಿಗೆ ಏನು ಬೇಕು ಅಂತ ಮತ್ತೆ ನೋಡಿದರು. ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಕೊಳವೆಬಾವಿಯ ನೀರು ಮತ್ತು ಮನೆಗೆ ದೀಪ ಕೊಟ್ಟರು. 1987ರಲ್ಲಿ ಅದು ಶುರುವಾಯಿತು. ಇದ್ದ ಸಗಣಿಗೆ ತಕ್ಕ ಕೆಲಸ ಹುಡುಕಿದ್ದರಿಂದ ಘಟಕ ವರ್ಷಗಟ್ಟಲೆ ನಡೆಯಿತು. ನಿಮ್ಮ ಮನೆಯಲ್ಲಿ 20 ಕೆಜಿ ಸಗಣಿ ಮಾತ್ರ ಇದ್ದರೆ 800 ಲೀಟರ್ ಗ್ಯಾಸ್. ಬೆಳಗಿನ ತಿಂಡಿ ಮತ್ತು ಕಾಫಿಗೆ ಅದು ಧಾರಾಳ. ಉಳಿದದ್ದಕ್ಕೆ ಬೇರೆ ಒಲೆ ಇಟ್ಟುಕೊಳ್ಳಿ.

ಸಗಣಿ ಸರಿಯಿದ್ದರೆ ನೀರು ನೋಡಿ. ನಾನು ಕಂಡ ಮನೆಗಳಲ್ಲಿ ಅತಿ ಹೆಚ್ಚು ಸಿಕ್ಕ ದೋಷ ಇದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸಗಣಿಗೆ ಸಮ ಪ್ರಮಾಣದ ನೀರು, ಅಷ್ಟೇ. ಕಲಸಿದ ಮೇಲೆ ದೋಸೆ ಹಿಟ್ಟಿನ ಹದ ಇರಬೇಕು. 50 ಕೆಜಿ ಸಗಣಿ, 50 ಲೀಟರ್ ನೀರು ಸೇರಿ ದಿನಕ್ಕೆ ಸುಮಾರು 100 ಲೀಟರ್ ಒಳಗೆ ಹೋಗುತ್ತದೆ. ಒಳಗೆ 4,000 ಲೀಟರ್ ಜಾಗವಿದ್ದರೆ ಇವತ್ತು ಹಾಕಿದ್ದು 40 ದಿನ ಒಳಗಿದ್ದು ಕೊಳೆತು ಹೊರಗೆ ಬರುತ್ತದೆ. ಈಗ ಕೊಟ್ಟಿಗೆ ತೊಳೆದ ನೀರನ್ನೆಲ್ಲ ಅದಕ್ಕೇ ತಿರುಗಿಸಿದಿರಿ ಅನ್ನಿ. ನೀರು 50ರ ಬದಲು 150 ಲೀಟರ್ ಆಯಿತು. ದಿನಕ್ಕೆ 200 ಲೀಟರ್ ನುಗ್ಗಿದರೆ 20 ದಿನಕ್ಕೇ ಹೊರಗೆ. ಅರ್ಧ ಕೊಳೆತ ಸಗಣಿ, ಅದರ ಜೊತೆ ಕೆಲಸ ಮಾಡಬೇಕಾದ ಸೂಕ್ಷ್ಮಜೀವಿಗಳೂ ಹೊರಟವು. ಗ್ಯಾಸ್ ಎಲ್ಲಿಂದ ಬರಬೇಕು? ಹೊರಬರುವ ಸ್ಲರಿಗೆ ಸಗಣಿ ವಾಸನೆ ಇದೆಯಾ, ನೊಣ ಮುತ್ತುತ್ತವಾ ನೋಡಿ. ಚೆನ್ನಾಗಿ ಕೊಳೆತ ಸ್ಲರಿಗೆ ಅಷ್ಟು ವಾಸನೆ ಇರುವುದಿಲ್ಲ, ನೊಣವೂ ಬರುವುದಿಲ್ಲ. ತೊಳೆದ ನೀರಿಗೆ ಬೇರೆ ಕಾಲುವೆ ಮಾಡಿ ನೇರ ತೋಟಕ್ಕೆ ಬಿಡಿ. ಮಳೆನೀರು ಕಲಸುವ ತೊಟ್ಟಿಗೆ ಬೀಳದಂತೆ ಮೇಲೆ ಒಂದು ಶೀಟ್ ಹಾಕಿ.

ತೊಳೆದ ನೀರಿನಿಂದ ಇನ್ನೊಂದು ಕಾಟವಿದೆ. ಅದರಲ್ಲಿ ಫಿನಾಯಿಲ್, ಬ್ಲೀಚಿಂಗ್ ಪುಡಿ, ಸೋಪು ಇದ್ದರೆ ಒಳಗಿನ ಜೀವಿಗಳು ಸಾಯುತ್ತವೆ. ಕೆಚ್ಚಲು ಬಾವಿಗೆ ಔಷಧಿ ಕೊಟ್ಟ ದನದ ಸಗಣಿಯನ್ನೂ ಕೆಲವು ದಿನ ಬೇರೆ ಗುಂಡಿಗೆ ಹಾಕಿ. ಆ್ಯಂಟಿಬಯೋಟಿಕ್ ಒಳಗೆ ಹೋದಮೇಲೆ ಒಳ್ಳೆಯ ಜೀವಿ, ಕೆಟ್ಟ ಜೀವಿ ಅಂತ ನೋಡುವುದಿಲ್ಲ.

ಘಟಕದ ಹೊಟ್ಟೆ ಹುಳಿಯುವುದು ಇನ್ನೊಂದು ತೊಂದರೆ. ಹಲಸಿನ ಕಾಲದಲ್ಲಿ ಇದು ಹೆಚ್ಚು. ಹಲಸಿನ ರಚ್ಚೆ, ಮಿಕ್ಕಿದ ಅನ್ನ, ಗಂಜಿ ಎಲ್ಲವನ್ನೂ ಒಂದೇ ಸಲ ಸುರಿದರೆ ಮೊದಲು ಗ್ಯಾಸ್ ಜೋರಾಗಿ ಬಂದಂತೆ ಕಾಣುತ್ತದೆ. ಆಮೇಲೆ ನೊರೆ ಬರುತ್ತದೆ, ಹುಳಿ ವಾಸನೆ ಬರುತ್ತದೆ, ಬಂದ ಗ್ಯಾಸ್ ಹತ್ತಿಕೊಳ್ಳುವುದಿಲ್ಲ. ಆಮ್ಲ ಮಾಡುವ ಜೀವಿಗಳು ಬೇಗ ಬೆಳೆಯುತ್ತವೆ, ಅದನ್ನು ತಿಂದು ಮೀಥೇನ್ ಮಾಡುವ ಜೀವಿಗಳು ನಿಧಾನ. ನಡುವೆ ಆಮ್ಲ ಉಳಿದುಬಿಡುತ್ತದೆ. ಹುಳಿ ಎಷ್ಟಿದೆ ಅಂತ ತೋರಿಸುವ ಪಿಎಚ್ ಪಟ್ಟಿ ಅದ್ದಿ ನೋಡಿ. 6.8ರಿಂದ 7.5ರ ಒಳಗಿರಬೇಕು. 6.5ಕ್ಕಿಂತ ಕೆಳಗೆ ಬಂದಿದ್ದರೆ ಒಂದು ವಾರ ಏನೂ ಹಾಕಬೇಡಿ. ಒಂದು ಬಕೆಟ್ ನೀರಿಗೆ ಒಂದು ಹಿಡಿ ಸುಣ್ಣ ಕಲಸಿ, ತಿಳಿಯನ್ನು ಮಾತ್ರ ಹಾಕಿ, ಮರುದಿನ ಮತ್ತೆ ಅಳೆಯಿರಿ. ಸುಣ್ಣ ಜಾಸ್ತಿ ಸುರಿದರೆ ಅದು ಗಟ್ಟಿಯಾಗಿ ತಳದಲ್ಲಿ ಕೂರುತ್ತದೆ. ಪಕ್ಕದ ಮನೆಯ ಒಳ್ಳೆಯ ಸ್ಲರಿ ನಾಲ್ಕು ಕೊಡ ತಂದು ಹಾಕುವುದು ಇನ್ನೂ ಒಳ್ಳೆಯದು, ಮೊಸರಿಗೆ ಹೆಪ್ಪು ಹಾಕಿದ ಹಾಗೆ.

ಕೆನೆ ಮತ್ತು ಮರಳು ನಿಧಾನವಾಗಿ ಬರುವ ದೋಷಗಳು. ಕೊಟ್ಟಿಗೆಗೆ ಸೊಪ್ಪು, ತರಗೆಲೆ ಹಾಸುವ ನಮ್ಮ ಕಡೆ ಸಗಣಿ ಜೊತೆ ಕಡ್ಡಿ ಹೋಗಿಯೇ ಹೋಗುತ್ತದೆ. ಅದು ಒಳಗೆ ತೇಲಿ ದಪ್ಪ ಪದರ ಕಟ್ಟುತ್ತದೆ, ಗ್ಯಾಸ್ ಮೇಲೆ ಬರಲು ಬಿಡುವುದಿಲ್ಲ. ಕಲಸುವಾಗ ಕಡ್ಡಿ ಆರಿಸಿ. ದಿನವೂ ಇನ್‌ಲೆಟ್ ಪೈಪಿನಲ್ಲಿ ಉದ್ದನೆಯ ಬಿದಿರು ಇಳಿಸಿ ಹತ್ತಿಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿ. ಮರಳು, ಮಣ್ಣು ತಳದಲ್ಲಿ ಕೂತು ಜಾಗ ತಿನ್ನುತ್ತದೆ. 4,000 ಲೀಟರ್ ಜಾಗದಲ್ಲಿ 1,000 ಲೀಟರ್ ಮಣ್ಣು ತುಂಬಿದರೆ ನಿಮ್ಮ 40 ದಿನ 30 ಆಯಿತು. ಕಲಸಿದ ಮೇಲೆ ಐದು ನಿಮಿಷ ಬಿಟ್ಟು, ಮರಳು ಕೂತ ಮೇಲೆ ಒಳಗೆ ಬಿಡಿ.

ಚಳಿಯನ್ನು ಕೊನೆಗೆ ಹೇಳುತ್ತಿದ್ದೇನೆ, ಯಾಕೆಂದರೆ ಎಲ್ಲರೂ ಅದನ್ನೇ ಮೊದಲು ಹೇಳುತ್ತಾರೆ. ಮೀಥೇನ್ ಮಾಡುವ ಜೀವಿಗಳಿಗೆ 30ರಿಂದ 37 ಡಿಗ್ರಿ ಇಷ್ಟ. 20ರ ಕೆಳಗೆ ಕೆಲಸ ಬಹಳ ನಿಧಾನ. ಹಾಗಾಗಿ ಪುಷ್ಯ ಮಾಘದಲ್ಲಿ ಗ್ಯಾಸ್ ಕಡಿಮೆಯಾಗುವುದು ನಿಜ. ಆದರೆ ಅದು ವಾರಗಟ್ಟಲೆ ಮೆಲ್ಲಗೆ ಕಡಿಮೆಯಾಗುತ್ತದೆ. ನಿನ್ನೆ ಚೆನ್ನಾಗಿದ್ದು ಇವತ್ತು ಇಲ್ಲ ಅಂದರೆ ಅದು ಚಳಿಯ ಕೆಲಸವಲ್ಲ. ಚಳಿಗಾಲದಲ್ಲಿ ಬಿಸಿಲಿಗಿಟ್ಟು ಬೆಚ್ಚಗಾದ ನೀರಿನಲ್ಲಿ ಸಗಣಿ ಕಲಸಿ, ಮಧ್ಯಾಹ್ನ ಹಾಕಿ. ಡೋಮ್ ಮೇಲೆ ಹುಲ್ಲು ಹೊದಿಸಿ.

ಹೊಸ ಘಟಕ ತುಂಬಿದವರಿಗೆ ಒಂದು ಮಾತು. ಮೊದಲು ಬರುವ ಗ್ಯಾಸ್ ಹತ್ತುವುದಿಲ್ಲ. ಅದರಲ್ಲಿ ಗಾಳಿ ಮತ್ತು ಇಂಗಾಲದ ಡೈಆಕ್ಸೈಡ್ ಜಾಸ್ತಿ. ಬೆಂಕಿ ದೂರವಿಟ್ಟು, ಒಂದೆರಡು ಸಲ ತುಂಬಿದ್ದನ್ನು ಹೊರಗೆ ಬಿಟ್ಟುಬಿಡಿ. ಅದು ದೋಷವಲ್ಲ.

ಡ್ರಮ್ ಇರುವವರಿಗೆ

ನಿಮಗೆ ತೊಟ್ಟಿಯ ಬದಲು ಡ್ರಮ್ಮೇ ಮೀಟರ್. ಗ್ಯಾಸ್ ತುಂಬಿದರೆ ಏರುತ್ತದೆ, ಖಾಲಿಯಾದರೆ ಇಳಿಯುತ್ತದೆ. ಮೂರು ರಾತ್ರಿಯ ಪರೀಕ್ಷೆಯನ್ನು ಡ್ರಮ್ಮಿನ ಎತ್ತರ ಅಳೆದು ಮಾಡಿ. ಒತ್ತಡ ಯಾವಾಗಲೂ ಒಂದೇ ಇರುವುದರಿಂದ ಲೆಕ್ಕ ಇನ್ನೂ ಸುಲಭ. ತೂತು ಬೀಳುವುದು ಹೆಚ್ಚಾಗಿ ಸ್ಲರಿ ಮತ್ತು ಗಾಳಿ ಸೇರುವ ಗೆರೆಯಲ್ಲಿ, ತುಕ್ಕು ಅಲ್ಲೇ ಹಿಡಿಯುತ್ತದೆ. ಡ್ರಮ್ ಏರದೆ ಬದಿಯಲ್ಲಿ ಗುಳ್ಳೆ ಬರುತ್ತಿದ್ದರೆ ಅದು ನಡುವಿನ ಕಂಬಕ್ಕೆ ಸಿಕ್ಕಿಕೊಂಡಿರಬಹುದು. ಕೈಯಿಂದ ತಿರುಗಿಸಿ ನೋಡಿ.

ಡೋಮ್ ಸೋರುತ್ತಿದ್ದರೆ

ಇಷ್ಟೆಲ್ಲ ನೋಡಿ, ಮೂರೂ ರಾತ್ರಿಯ ಗೆರೆಗಳು ಡೋಮ್ ಕಡೆಗೇ ಬೆರಳು ತೋರಿಸಿದರೆ ಮಾತ್ರ ಖಾಲಿ ಮಾಡಿಸುವ ಯೋಚನೆ ಮಾಡಿ. ಅದಕ್ಕೂ ಮೊದಲು ಡೋಮ್ ತಲೆಯ ಸುತ್ತ, ಪೈಪ್ ಹೊರಬರುವ ಜಾಗದಲ್ಲಿ ಮಣ್ಣು ಸ್ವಲ್ಪ ಸರಿಸಿ ಸೋಪಿನ ನೀರು ಹಾಕಿ. ಇಟ್ಟಿಗೆಗೆ ಕಬ್ಬಿಣದ ಪೈಪ್ ಸೇರುವ ಆ ಕುತ್ತಿಗೆಯೇ ಬಲಹೀನ ಜಾಗ. ಅಲ್ಲಿ ಮಾತ್ರ ಗುಳ್ಳೆ ಬಂದರೆ, ವಾಲ್ವ್ ತೆರೆದು ಗ್ಯಾಸ್ ಪೂರ್ತಿ ಬಿಟ್ಟು ಹೊರಗಿನಿಂದಲೇ ಗಾರೆ ಮಾಡಿಸಿ ನೋಡಬಹುದು. ಡೋಮ್ ಮೇಲಿನ ಮಣ್ಣನ್ನೆಲ್ಲ ತೆಗೆಯಬೇಡಿ. ಒಳಗಿನ ಒತ್ತಡಕ್ಕೆ ಎದುರಾಗಿ ಆ ಮಣ್ಣಿನ ಭಾರ ಬೇಕು.

ಬಿರುಕು ಒಳಗೇ ಇದ್ದರೆ ಖಾಲಿ ಮಾಡಲೇಬೇಕು. ಬೇಸಿಗೆಯಲ್ಲಿ, ಅಂತರ್ಜಲ ಇಳಿದಾಗ ಮಾಡಿಸಿ. ಬಾಯಿಗಳನ್ನೆಲ್ಲ ತೆರೆದು ದಿನಗಟ್ಟಲೆ ಗಾಳಿಯಾಡಲು ಬಿಡಬೇಕು, ಬ್ಲೋವರ್ ಹಾಕಬೇಕು. ಇಳಿಯುವವರು ಈ ಕೆಲಸ ತಿಳಿದವರಾಗಿರಬೇಕು, ಸೊಂಟಕ್ಕೆ ಹಗ್ಗ ಕಟ್ಟಿರಬೇಕು, ಮೇಲೆ ಇಬ್ಬರು ನಿಂತಿರಬೇಕು. ಕೂಲಿ ಉಳಿಸಲು ಇದರಲ್ಲಿ ಯಾವುದನ್ನೂ ಬಿಡಬೇಡಿ.

ಸಣ್ಣ ಸೋರಿಕೆಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂತ ಕೆಲವರು ಕೇಳುತ್ತಾರೆ. 1 ಘನ ಮೀಟರ್ ಗೋಬರ್ ಗ್ಯಾಸ್ ಸುಮಾರು 0.43 ಕೆಜಿ ಸಿಲಿಂಡರ್ ಗ್ಯಾಸಿಗೆ ಸಮ. ನಮ್ಮ ಘಟಕ ಪೂರ್ತಿ ನಡೆದರೆ ಹದಿನಾರು ಹದಿನೇಳು ದಿನಕ್ಕೆ 14.2 ಕೆಜಿಯ ಒಂದು ಸಿಲಿಂಡರ್ ಉಳಿದ ಹಾಗೆ. ಅದು ಮನೆಯ ಲೆಕ್ಕ. ನನಗೆ ಅದಕ್ಕಿಂತ ಕಾಡುವುದು ಇನ್ನೊಂದು. ಒಲೆಯಲ್ಲಿ ಉರಿದರೆ ಮೀಥೇನ್ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಉರಿಯದೆ ಸೋರಿದರೆ ನೂರು ವರ್ಷದ ಲೆಕ್ಕದಲ್ಲಿ ಅದೇ ತೂಕದ ಡೈಆಕ್ಸೈಡ್‌ಗಿಂತ ಸುಮಾರು 27 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಕಾಡಿನ ಸೌದೆ ಉಳಿಯಲಿ, ಹೊಗೆ ಇಲ್ಲದಿರಲಿ ಅಂತ ಕಟ್ಟಿಸಿದ ಘಟಕ ವರ್ಷಗಟ್ಟಲೆ ಸೋರುತ್ತಾ ಕೂತರೆ ಹೇಗೆ?

ನಮ್ಮ ತೊಟ್ಟಿಯ ಗೋಡೆಯ ಮೇಲೆ ಈಗ ಇದ್ದಿಲ ಗೆರೆಯ ಬದಲು ಕೆಂಪು ಪೇಂಟಿನ ಎರಡು ಗೆರೆಗಳಿವೆ. ಸಂಜೆ ಅಡುಗೆ ಮುಗಿದಾಗ ಸ್ಲರಿ ಕೆಳಗಿನ ಗೆರೆಯಲ್ಲಿರಬೇಕು, ಬೆಳಿಗ್ಗೆ ಮೇಲಿನ ಗೆರೆಗೆ ಬಂದಿರಬೇಕು. ಹಾಲು ಕರೆಯಲು ಹೋಗುವಾಗ ಅತ್ತೆ ಚಪ್ಪಡಿಯ ಸಂದಿನಲ್ಲಿ ಬ್ಯಾಟರಿ ಬಿಟ್ಟು ನೋಡುತ್ತಾರೆ. ಮೊನ್ನೆ ಎರಡು ಬೆರಳು ಕಡಿಮೆ ಇತ್ತು. "ಪೈಪಿನ ನೀರು ಬಿಟ್ಟು ಎಷ್ಟು ದಿನ ಆಯಿತೇ?" ಅಂತ ಕೊಟ್ಟಿಗೆಯಿಂದಲೇ ಕೇಳಿದರು. ಹೋಗಿ ಮೊದಲು ನೀರು ಬಿಟ್ಟು ಬಂದೆ. ಆಮೇಲೆ ಮುಖ್ಯ ವಾಲ್ವ್‌ಗೆ ಸೋಪಿನ ನೀರು ಹಾಕಿದೆ. ಕುತ್ತಿಗೆಯಲ್ಲಿ ಸಣ್ಣ ಗುಳ್ಳೆಗಳು ಏಳುತ್ತಿದ್ದವು.